ಕೊನೆಯ ತಿಂಗಳಿಂದ ಶುರು

ಮಂಚದ ಕೆಳಗೆ ಅರ್ಧ ಮೈ ತೂರಿಸಿಕೊಂಡು ಸೆಕೆಂಡಕ್ಕ ಎರಡನೇ ಟ್ರಂಕನ್ನು ಎಳೆಯುತ್ತಿದ್ದಾಗ ಹಿಂದೆ ಬಾಗಿಲು ಕಿರುಗುಟ್ಟಿತು. ಸಾವಿನ ಮನೆಯಲ್ಲಿ, ಅದೂ ಸತ್ತವರ ಮಲಗುವ ಕೋಣೆಯಲ್ಲಿ, ಮಂಚದ ಕೆಳಗೆ ಸಿಕ್ಕಿಬಿದ್ದವರ ಬಳಿ ಒಳ್ಳೆಯ ಕಾರಣ ಎಂಬುದು ಇರುವುದಿಲ್ಲ. ಗಾಬರಿಯಲ್ಲಿ ತಲೆ ಎತ್ತಲು ಹೋಗಿ ಮಂಚದ ಪಟ್ಟಿಗೆ ಹೊಡೆಸಿಕೊಂಡಳು.

“ಏನು ಹುಡುಕ್ತಿದ್ದೀರಿ ಸೆಕೆಂಡಕ್ಕ?”

ಬಾಗಿಲಲ್ಲಿ ನಿಂತಿದ್ದವಳು ಸತ್ತವರ ಮಗಳು. ಹಲ್ಲಿನ ಡಾಕ್ಟರು. ಯಾರು ಬಾಯಿ ತೆರೆದರೂ ಒಳಗೇನು ಕೆಟ್ಟಿದೆ ಎಂದು ನೋಡುವ ಅಭ್ಯಾಸ ಅವಳ ಕಣ್ಣಿಗೇ ಅಂಟಿಕೊಂಡಿತ್ತು.

“ಚಾರ್ಟು,” ಎಂದಳು ಸೆಕೆಂಡಕ್ಕ, ತಲೆ ಉಜ್ಜಿಕೊಳ್ಳುತ್ತಾ. “ದಳದ್ದು. ವರ್ಷದ್ದು. ಇವತ್ತು ಐದು ಗಂಟೆ ಒಳಗೆ ಕೊಡ್ಬೇಕು, ಇಲ್ದಿದ್ರೆ ಹಾಲ್ ಕೈಬಿಟ್ಟು ಹೋಗುತ್ತೆ.”

“ಅಪ್ಪ ಅಲ್ಲಿ ಮಲಗಿದಾರೆ. ಎರಡೂವರೆಗೆ ಚಿತಾಗಾರದಲ್ಲಿ ಟೈಮ್ ಕೊಟ್ಟಿದಾರೆ. ನೀವು ಇಲ್ಲಿ ಚಾರ್ಟು ಹುಡುಕ್ತಿದ್ದೀರಿ.”

“ಹೌದು,” ಎಂದಳು ಸೆಕೆಂಡಕ್ಕ. ಸುಳ್ಳು ಹೇಳೋಣವೆಂದರೆ ತಲೆ ನೋಯುತ್ತಿತ್ತು.

ಸತ್ತವರು ನಿವೃತ್ತಿಯಾಗುವ ತನಕ ವಾರದ ಆರು ದಿನ ಲಿಫ್ಟ್ ಮೆಕ್ಯಾನಿಕ್, ಏಳನೇ ದಿನ ಸ್ಕೌಟ್ ದಳದ ನಾಯಕ. ಆಮೇಲೆ ಲಿಫ್ಟ್ ಬಿಟ್ಟರು, ದಳ ಬಿಡಲಿಲ್ಲ. ಹೀಗೆ ಮೂವತ್ತೊಂದು ವರ್ಷ. ಕೊರಳಲ್ಲಿ ಸದಾ ಸೀಟಿ ತೂಗುತ್ತಿದ್ದುದರಿಂದ ಮಕ್ಕಳಿಗೆ ಅವರು ಸೀಟಿ ತಾತ. ಸೆಕೆಂಡಕ್ಕ ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಗಾಜು ಉಜ್ಜುವವಳು, ಭಾನುವಾರ ದಳದ ಎರಡನೇ ನಾಯಕಿ. ಹತ್ತೊಂಬತ್ತು ವರ್ಷ ಎರಡನೆಯವಳಾಗಿಯೇ ಉಳಿದದ್ದರಿಂದ ಅದೇ ಹೆಸರಾಗಿ ಅಂಟಿತ್ತು.

ದಳ ಸೇರುತ್ತಿದ್ದದ್ದು ಬಡಾವಣೆಯ ಸಂಘದ ಹಾಲ್‌ನಲ್ಲಿ. ಮುಂದಿನ ವರ್ಷದ ಚಟುವಟಿಕೆಗಳ ಯೋಜನೆಯನ್ನು ಕೊನೆಯ ದಿನ ಸಂಜೆ ಐದರೊಳಗೆ ಕೊಟ್ಟವರಿಗೆ ಭಾನುವಾರದ ಹಾಲ್. ಕೊಡದಿದ್ದರೆ ಸಾಲಿನಲ್ಲಿ ಹಿಂದೆ ನಿಂತವರಿಗೆ. ಹಿಂದೆ ನಿಂತಿದ್ದವರು ತೂಕ ಇಳಿಸುವವರ ಕ್ಲಬ್ಬಿನವರು. ಅವರ ಅರ್ಜಿ ತಿಂಗಳ ಹಿಂದೆಯೇ ತಯಾರಾಗಿ ಕೂತಿತ್ತು. ಕೊನೆಯ ದಿನ ಇವತ್ತು. ಸೀಟಿ ತಾತ ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಲ್ಲೇ ಕುಸಿದಿದ್ದರು.

ಮಗಳು ಎಳೆದಿದ್ದ ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು. “ಸತ್ತ ಮೇಲೂ ಅಪ್ಪನ್ನ ದಳದವರು ಬಿಡಲ್ಲ ಅಂತಾಯ್ತು,” ಎಂದಳು. ಬೈದಳೋ ಹೇಳಿದಳೋ ಗೊತ್ತಾಗಲಿಲ್ಲ. “ಬನ್ನಿ. ಅಮ್ಮನ್ನೇ ಕೇಳೋಣ.”

ಮುಂದಿನ ಕೋಣೆಯಲ್ಲಿ ಸೀಟಿ ತಾತ ಸಮವಸ್ತ್ರದಲ್ಲಿ ಮಲಗಿದ್ದರು. ಹಸಿರು ಸ್ಕಾರ್ಫು ಕೊರಳವರೆಗೂ ಬಿಗಿಯಾಗಿ ಸುತ್ತಿತ್ತು, ಅಂಚಿನಲ್ಲಿ ಸೀಟಿಯ ದಾರ ಇಷ್ಟೇ ಇಷ್ಟು ಕಾಣುತ್ತಿತ್ತು. ನೆರೆಯವರು, ಹಳೆಯ ಲಿಫ್ಟ್ ಕಂಪನಿಯ ಇಬ್ಬರು, ದಳದ ಮಕ್ಕಳ ತಾಯಂದಿರು ಊಟದ ಮೇಜಿನ ಸುತ್ತ ಕೂತು ಟೀ ಕುಡಿಯುತ್ತಿದ್ದರು. ಮೇಜಿನ ತಲೆಗೆ ಸಂಘದ ಕಾರ್ಯದರ್ಶಿ. ಬೆನ್ನೂ ನೆಟ್ಟಗೆ, ಮಾತೂ ನೆಟ್ಟಗೆ. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದದ್ದು ರೂಲುದೊಣ್ಣೆ ಎಂದು. ತೊಡೆಯ ಮೇಲೊಂದು ಚರ್ಮದ ಚೀಲವನ್ನು ಕೂಸಿನ ಹಾಗೆ ಇಟ್ಟುಕೊಂಡಿದ್ದರು.

ಸೆಕೆಂಡಕ್ಕ ಬಗ್ಗಿ ಮೆಲ್ಲಗೆ ಕೇಳಿದಳು. “ಸಾರ್, ಎರಡು ದಿನ ಟೈಮ್ ಸಿಗುತ್ತಾ?”

“ಯಾಕೆ?”

ಯಾಕೆ ಎಂಬುದು ಎರಡು ಮಾರು ದೂರದಲ್ಲಿ ಮಲಗಿತ್ತು. ಅವಳು ಆ ಕಡೆ ನೋಡಿದಳು. ಅವರೂ ನೋಡಿದರು.

“ನಿಯಮ ಎಲ್ರಿಗೂ ಒಂದೇ,” ಎಂದರು ರೂಲುದೊಣ್ಣೆ. “ಅವರೇ ಇದ್ದಿದ್ರೂ ಇದನ್ನೇ ಹೇಳ್ತಿದ್ರು.”

ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಅವಳಿಗೆ ಸಿಟ್ಟು ಬಂತು.

“ಏನಂತೆ ಗುಸುಗುಸು?” ಎಂದರು ತಾತನ ಹೆಂಡತಿ. ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಬೆಳಗಿನಿಂದ ಅತ್ತಿರಲಿಲ್ಲ. ಮಗಳು ವಿಷಯ ಹೇಳಿದಳು.

“ಚಾರ್ಟಾ?” ಎಂದರು ಅತ್ತಿಗೆ. ಸೀಟಿ ತಾತನನ್ನು ಸೆಕೆಂಡಕ್ಕ ಅಣ್ಣ ಎನ್ನುತ್ತಿದ್ದುದರಿಂದ ಇವರು ಅತ್ತಿಗೆ. “ಅದರ ಮೇಲೇ ಟೀ ಲೋಟ ಇಟ್ಕೊಂಡು ಕೂತಿದ್ದೀರಲ್ಲ ಎಲ್ಲಾರೂ. ಪ್ಲಾಸ್ಟಿಕ್ ಹಾಳೆ ಎತ್ತಿ ನೋಡಿ.”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಹದಿನಾಲ್ಕು ಲೋಟಗಳು ಒಂದೊಂದಾಗಿ ಎದ್ದವು. ರೂಲುದೊಣ್ಣೆ ತಮ್ಮ ಲೋಟವನ್ನು ಕೈಯಲ್ಲಿ ಹಿಡಿದು ಎದ್ದು ನಿಂತರು. ಹೂವಿನ ಚಿತ್ರದ ಪ್ಲಾಸ್ಟಿಕ್ಕಿನ ಕೆಳಗೆ ಮೇಜಿನಷ್ಟೇ ಅಗಲದ ಬಿಳಿ ಹಾಳೆ, ಮೇಲೆ ಪೆನ್ಸಿಲ್ ಗೆರೆಗಳು. ಬಿಡಿಸಿ ನೋಡಲು ಹೊತ್ತಿರಲಿಲ್ಲ. ಹೊರಗೆ ವ್ಯಾನಿನವನು ಹಾರ್ನ್ ಒತ್ತಿದ. ಸೆಕೆಂಡಕ್ಕ ಹಾಳೆಯನ್ನು ಸುರುಳಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು.

*

ಲಿಫ್ಟು ಕೆಟ್ಟರೆ ಮೆಕ್ಯಾನಿಕ್ಕು ಮೊದಲು ಹೋಗುವುದು ತುತ್ತತುದಿಗೆ. ಯಂತ್ರದ ಕೋಣೆ ಇರುವುದು ಅಲ್ಲಿ. ಕೆಟ್ಟದ್ದೇ ಲಿಫ್ಟಾದ್ದರಿಂದ ಹತ್ತುವುದು ಮೆಟ್ಟಿಲಲ್ಲಿ. ಹನ್ನೆರಡು ಮಹಡಿ ಹತ್ತಿ, ಉಸಿರು ಬಿಟ್ಟು, ಅಲ್ಲಿಂದ ಒಂದೊಂದೇ ಮಹಡಿ ಇಳಿಯುತ್ತಾ ನೋಡುತ್ತಾ ಬರಬೇಕು. ಸೀಟಿ ತಾತ ವರ್ಷದ ಯೋಜನೆಯನ್ನೂ ಹಾಗೇ ಬರೆಯುತ್ತಿದ್ದರು. ಹಾಳೆಯಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಮನೆ ಗೀಚಿ ಕೊನೆಯ ಮನೆಯಿಂದ ಶುರು.

ಮೊದಲ ವರ್ಷ ಇದನ್ನು ನೋಡಿ ಸೆಕೆಂಡಕ್ಕ ಬಾಯಿಬಿಟ್ಟೇ ಹೇಳಿದ್ದಳು. “ಅಣ್ಣಾ, ಇದು ತಿರುಗುಮುರುಗು ಆಯ್ತಲ್ಲ?”

“ಮುಂದಿನಿಂದ ಬರೆದ್ರೆ ಏನಾಗುತ್ತೆ ಗೊತ್ತಾ? ಮೊದಲ ಮೂರು ತಿಂಗಳು ಭರ್ಜರಿ. ಆಮೇಲೆ ಬರೀ ಕುಂಟೆಬಿಲ್ಲೆ. ಕೊನೇಲಿ ಏನು ಮಾಡ್ಬೇಕು ಅಂತಿದೀಯ, ಅದನ್ನ ಮೊದಲು ಬರಿ.” ಹನ್ನೆರಡನೇ ಮನೆಯಲ್ಲಿ ಹೊಳೆ ದಾಟುವುದು ಎಂದು ಬರೆದಿದ್ದರು. ಆಮೇಲೆ ಪೆನ್ಸಿಲ್ಲಿನ ಹಿಂಭಾಗದಿಂದ ಕಿವಿ ಕೆರೆದುಕೊಂಡು ಕೇಳಿದ್ದರು: “ಇದಕ್ಕೂ ಮುಂಚೆ ಏನು ಗೊತ್ತಿರಬೇಕು?”

“ಈಜು?”

“ಹನ್ನೊಂದನೇ ಮನೆ, ಈಜು. ಇದಕ್ಕೂ ಮುಂಚೆ?”

ಹೀಗೆ ಬಲದಿಂದ ಎಡಕ್ಕೆ ಮನೆಯಿಂದ ಮನೆಗೆ ಇಳಿದು, ಸಂಜೆಯ ಹೊತ್ತಿಗೆ ಒಂದನೇ ತಿಂಗಳಿಗೆ ಬಂದು ನಿಲ್ಲುತ್ತಿದ್ದರು. ಬರೆಯುವುದು ಪೆನ್ಸಿಲ್ಲಿನಲ್ಲಿ. ಪ್ರತಿ ಮನೆಯ ಕೆಳಗೂ ‘ಹೊಣೆ’ ಎಂದು ಬರೆದು, ಮುಂದೆ ‘ನಾನು’ ಎಂದು ತುಂಬುತ್ತಿದ್ದರು. ಹನ್ನೆರಡು ಮನೆಗೆ ಹನ್ನೆರಡು ನಾನು. ಸೆಕೆಂಡಕ್ಕನ ಕೆಲಸ ಪೆನ್ಸಿಲು ಚೂಪು ಮಾಡುವುದು, ಕೇಳಿದಾಗ ರಬ್ಬರು ಕೊಡುವುದು. ಹತ್ತೊಂಬತ್ತು ವರ್ಷ ಅವಳು ರಬ್ಬರು ಕೊಟ್ಟಳು. ಒಂದು ಮನೆಯೂ ಅವಳ ಕೈಯಲ್ಲಿ ತುಂಬಲಿಲ್ಲ, ಉಗ್ರಾಣದ ಬೀಗದ ಕೈಯೂ ಅವಳಿಗೆ ಸಿಗಲಿಲ್ಲ. ಅದು ಸೀಟಿಯ ದಾರಕ್ಕೇ ಪೋಣಿಸಿಕೊಂಡು ತಾತನ ಕೊರಳಲ್ಲಿರುತ್ತಿತ್ತು. ಸ್ನಾನಕ್ಕೂ ತೆಗೆಯುವುದಿಲ್ಲವೆಂದು ಅತ್ತಿಗೆ ಹಾಸ್ಯ ಮಾಡುತ್ತಿದ್ದರು.

*

ಮೂರು ವಾರದ ಹಿಂದೆ ಅವಳು ಎಂದಿನಂತೆ ಆರು ಪೆನ್ಸಿಲು ಚೂಪು ಮಾಡಿಕೊಂಡು ಬಂದಿದ್ದಳು. ಸೀಟಿ ತಾತ ಬಾಗಿಲಲ್ಲೇ ಪೆನ್ಸಿಲು ತೆಗೆದುಕೊಂಡರು.

“ಈ ಸಲ ನೀನು ಬೇಡ. ನಾನೊಬ್ಬನೇ ಕೂತು ಬರೀತೀನಿ.”

“ಯಾಕಣ್ಣಾ?”

“ಬೇಡ ಅಂದ್ನಲ್ಲ.”

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ ಎಂದು ಅವಳಿಗೆ ಗೊತ್ತಿತ್ತು. ಆದರೂ, ಹತ್ತೊಂಬತ್ತು ವರ್ಷದ ನಂತರ ರಬ್ಬರು ಕೊಡುವ ಕೆಲಸಕ್ಕೂ ಲಾಯಕ್ಕಿಲ್ಲವೇ ತಾನು? ಕೋಪದ ಕೈಗೆ ಬುದ್ಧಿ ಕೊಟ್ಟು ಮೂರು ಭಾನುವಾರ ದಳಕ್ಕೆ ಹೋಗಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಹೇಳಿ ಕಳಿಸಿದಳು. ಕೆಲಸ ಜಾಸ್ತಿ ಇರಲಿಲ್ಲ. ನಾಲ್ಕನೇ ಭಾನುವಾರ ಹೋಗಿ ಮಾತಾಡಿಸಿದರಾಯಿತು ಎಂದುಕೊಂಡಿದ್ದಳು. ಶುಕ್ರವಾರವಾದ ಇವತ್ತು ವ್ಯಾನಿನ ಹಿಂದೆ ಬಸ್ಸಿನಲ್ಲಿ ಕೂತು ಅವರ ಚಾರ್ಟನ್ನು ಕಂಕುಳಲ್ಲಿ ಹಿಡಿದುಕೊಂಡಿದ್ದಳು.

*

ಚಿತಾಗಾರದ ನೌಕರ ಒಂದು ಹಾಳೆ ಹಿಡಿದು ಪ್ರಶ್ನೆಗಳನ್ನು ಓದಿದ. ದಿನಕ್ಕೆ ಎಂಟು ಸಲ ಓದಿ ಓದಿ ಅವನ ಧ್ವನಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೆಲ್ಲ ಸವೆದುಹೋಗಿದ್ದವು.

“ವಾಚು, ಉಂಗುರ, ಎದೇಲಿ ಮಿಷನ್ನು, ಲೋಹದ್ದು ಏನಾದ್ರೂ ಇದ್ಯಾ.”

“ಎಲ್ಲಾ ತೆಗೆದಿದೀವಿ,” ಎಂದಳು ಮಗಳು.

ಬಾಗಿಲು ಮುಚ್ಚಿತು. ಒಂದೂವರೆ ಗಂಟೆ ಆಗುತ್ತದೆ, ಕಾಯುವ ಕೋಣೆ ಎಡಕ್ಕಿದೆ ಎಂದು ಹೇಳಿ ನೌಕರ ಹೋದ. ಕೋಣೆಯಲ್ಲಿ ಬೆಂಚುಗಳು, ಗಡಿಯಾರ, ನೀರಿನ ಡ್ರಮ್ಮು. ಬಂದವರಲ್ಲಿ ಅರ್ಧ ಜನ ಕರಗಿದರು. ಉಳಿದವರು ಅತ್ತಿಗೆ, ಮಗಳು, ಸಮವಸ್ತ್ರದಲ್ಲಿದ್ದ ಇಪ್ಪತ್ತಮೂರು ಮಕ್ಕಳು, ಮತ್ತು ಮೂಲೆಯ ಬೆಂಚಿನಲ್ಲಿ ಚೀಲ ಹಿಡಿದು ನೆಟ್ಟಗೆ ಕೂತ ರೂಲುದೊಣ್ಣೆ.

ಸೆಕೆಂಡಕ್ಕ ನೆಲದ ಮೇಲೆ ಹಾಳೆ ಬಿಡಿಸಿದಳು. ಸುರುಳಿ ಮತ್ತೆ ಮತ್ತೆ ಮಡಚಿಕೊಳ್ಳುತ್ತಿತ್ತು. ಮಕ್ಕಳು ನಾಲ್ಕು ಮೂಲೆಗೆ ತಮ್ಮ ಬೂಟು ಬಿಚ್ಚಿ ಇಟ್ಟರು.

ಹನ್ನೆರಡನೇ ಮನೆಯಲ್ಲಿ: ಮುಂದಿನ ವರ್ಷದ ಚಾರ್ಟು ಮಕ್ಕಳೇ ಬರೆಯುವುದು, ದೊಡ್ಡವರು ಹೊರಗೆ ಕೂರುವುದು. ಹನ್ನೊಂದರಲ್ಲಿ ಹಗ್ಗದ ಸೇತುವೆ. ಹತ್ತರಲ್ಲಿ ನಕ್ಷೆ ಹಿಡಿದು ಹನ್ನೆರಡು ಕಿಲೋಮೀಟರ್ ನಡಿಗೆ. ಒಂಬತ್ತು, ಎಂಟು, ಏಳು ಎಲ್ಲ ತುಂಬಿದ್ದವು. ಆರರಲ್ಲಿ ಮೂರು ದಿನದ ಶಿಬಿರ.

ಆರರ ಎಡಕ್ಕೆ ಏನೂ ಇರಲಿಲ್ಲ. ಐದು ಮನೆ ಖಾಲಿ.

“ಅಯ್ಯೋ,” ಎಂದಳು ಸೆಕೆಂಡಕ್ಕ. ಸಂಘದ ಅರ್ಜಿ ಅವಳ ಬ್ಯಾಗಿನಲ್ಲಿತ್ತು. ಅದಕ್ಕೆ ಬೇಕಾದದ್ದು ಮೊದಲ ಮೂರು ತಿಂಗಳ ವಿವರ. ಬೇರೆ ಯಾವ ನಾಯಕ ಅರ್ಧಕ್ಕೆ ಸತ್ತಿದ್ದರೂ ಮೊದಲ ಮೂರು ತಿಂಗಳು ಬರೆದಿಟ್ಟಿರುತ್ತಿದ್ದ.

ಆಮೇಲೆ ಅವಳ ಕಣ್ಣು ಹೊಣೆಯ ಸಾಲಿಗೆ ಹೋಯಿತು. ಹನ್ನೆರಡರಲ್ಲಿ, ಹೊಣೆ: ಸೆಕೆಂಡ್. ಹನ್ನೊಂದರಲ್ಲಿ ಸೆಕೆಂಡ್. ಹತ್ತರಲ್ಲಿ ಸೆಕೆಂಡ್. ಆರನೇ ಮನೆಯಲ್ಲಿ, ಹೊಣೆ: ಸೆಕೆಂಡ್ ಒಬ್ಬಳೇ. ಅದರ ಪಕ್ಕ ಸಣ್ಣಗೆ: ನಾನು ಮನೆಯಲ್ಲಿ. ಐದನೇ ಮನೆ ಪೂರ್ತಿ ಖಾಲಿಯಾಗಿರಲಿಲ್ಲ, ಮೇಲ್ತುದಿಯಲ್ಲಿ ಒಂದೇ ಒಂದು ಸಾಲಿತ್ತು: ಇದಕ್ಕೂ ಮುಂಚೆ ಅವಳಿಗೆ ಏನು ಗೊತ್ತಿರಬೇಕು?

ಅಲ್ಲಿ ಹಾಳೆ ಸ್ವಲ್ಪ ತೆಳ್ಳಗಾಗಿತ್ತು. ಬರೆದು ಅಳಿಸಿ, ಬರೆದು ಅಳಿಸಿ ಮಾಡಿದ್ದರು.

“ಒಂದು ವಾರ ಆ ಮನೆ ಮುಂದೇನೇ ಕೂತಿದ್ರು,” ಎಂದರು ಅತ್ತಿಗೆ ಬೆಂಚಿನಿಂದಲೇ. “ಏನು ಬರೆದ್ರೂ, ಅಯ್ಯೋ ಇದು ಅವಳಿಗೆ ಗೊತ್ತು, ಇದೂ ಗೊತ್ತು ಅಂತ ಅಳಿಸೋರು. ರಬ್ಬರು ಕೊಡೋಕೆ ಯಾರೂ ಇಲ್ಲ ಅಂತ ನನ್ನ ಮೇಲೆ ರೇಗೋರು.”

“ನನಗೆ ಹೇಳ್ಬಾರ್ದಿತ್ತಾ?”

“ಯಾಕೆ ಹೇಳ್ತಾರೆ? ಪೂರ್ತಿ ಆದ್ಮೇಲೆ ತೋರಿಸ್ತೀನಿ, ಬೆಚ್ಚಿಬೀಳ್ತಾಳೆ ನೋಡು ಅಂತಿದ್ರು. ನೀನು ಬರೋದೇ ನಿಲ್ಲಿಸಿದೆ.”

ಬೇರೆ ಯಾರಾದರೂ ಹೇಳಿದ್ದರೆ ಅದು ಚುಚ್ಚುಮಾತಾಗುತ್ತಿತ್ತು. ಅತ್ತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಸೆಕೆಂಡಕ್ಕ ಮೊಣಕಾಲ ಮೇಲೆ ಹಾಗೇ ಕೂತುಬಿಟ್ಟಳು. ಹಾಳೆ ಮಂಜಾಯಿತು. ದಿನವಿಡೀ ಬೇರೆಯವರ ಕಣ್ಣಿಗೆ ಗಾಜು ಉಜ್ಜುವವಳು ತನ್ನ ಕಣ್ಣನ್ನು ಸ್ಕಾರ್ಫಿನಿಂದ ಒರೆಸಿಕೊಂಡಳು. ಮೂರು ಭಾನುವಾರ ವಾಪಸ್ ಬರುವ ಹಾಗಿರಲಿಲ್ಲ.

“ಮೂರು ಗಂಟೆ ಐದು ನಿಮಿಷ,” ಎಂದರು ರೂಲುದೊಣ್ಣೆ ಮೂಲೆಯಿಂದ. ಯಾರಿಗೂ ನಿರ್ದಿಷ್ಟವಾಗಿ ಹೇಳಿದ್ದಲ್ಲ.

ಮಗಳು ಬೆಂಚಿನಿಂದ ಎದ್ದಳು. ಹೈಹೀಲ್ಡ್ ಚಪ್ಪಲಿ ಬಿಚ್ಚಿ ಬದಿಗಿಟ್ಟು ನೆಲದ ಮೇಲೆ, ಚಾರ್ಟಿನ ಪಕ್ಕ ಕೂತಳು. ಅಪ್ಪನ ಭಾನುವಾರಗಳನ್ನೆಲ್ಲ ಕಿತ್ತುಕೊಂಡ ಈ ಹಾಳೆಯ ಹತ್ತಿರ ಅವಳು ಹುಟ್ಟಿದಾಗಿನಿಂದ ಕೂತವಳಲ್ಲ. “ಹೇಗೆ ಬರೀತಾರೆ ಇದನ್ನ? ನನಗೂ ಹೇಳಿ,” ಎಂದಳು.

ಸೆಕೆಂಡಕ್ಕ ಬ್ಯಾಗಿನಿಂದ ಪೆನ್ಸಿಲು ತೆಗೆದಳು. ಕೈ ಅಭ್ಯಾಸಬಲದಿಂದ ರಬ್ಬರನ್ನೂ ತೆಗೆಯಿತು. ಅದನ್ನು ಎರಡು ಜಡೆಯ ಹುಡುಗಿಯೊಬ್ಬಳ ಕೈಗೆ ಕೊಟ್ಟಳು. “ಕೇಳಿದಾಗ ಕೊಡು,” ಎಂದು, ಮಕ್ಕಳ ಕಡೆ ತಿರುಗಿದಳು. “ಆರನೇ ತಿಂಗಳು ಮೂರು ದಿನದ ಶಿಬಿರ. ಇದಕ್ಕೂ ಮುಂಚೆ ಏನು ಗೊತ್ತಿರಬೇಕು?”

“ಅಡುಗೆ!” ಎಂದ ಒಬ್ಬ. ಹೋದ ವರ್ಷದ ಶಿಬಿರದಲ್ಲಿ ಮೂರು ದಿನವೂ ಸೀದ ಅನ್ನ ತಿಂದವನು.

“ಐದು, ಬಯಲಲ್ಲಿ ಅಡುಗೆ. ಇದಕ್ಕೂ ಮುಂಚೆ?”

“ಟೆಂಟ್ ಹಾಕೋದು. ಮಳೆ ಬಂದ್ರೆ ಒಲೆ ಎಲ್ಲಿಡ್ತೀರ?”

“ನಾಲ್ಕು, ಟೆಂಟು.”

“ಸೆಕೆಂಡಕ್ಕ, ಎರಡು ಟೆಂಟ್ ಹರಿದಿದೆ. ಒಳಗೆ ಮಲಗಿದ್ರೆ ಆಕಾಶ ಕಾಣುತ್ತೆ.”

“ಮೂರು, ಟೆಂಟಿಗೆ ಹೊಲಿಗೆ.”

“ಹೊಲಿಗೆ ನಾನು ಹೇಳಿಕೊಡ್ತೀನಿ,” ಎಂದಳು ಹಲ್ಲಿನ ಡಾಕ್ಟರು. ಎಲ್ಲರೂ ಅವಳ ಕಡೆ ನೋಡಿದರು. “ಬಾಯೊಳಗೆ ಹೊಲೀತೀನಂತೆ, ಟೆಂಟ್ ಹೊಲಿಯೋಕಾಗಲ್ವಾ?”

ಮೂರನೇ ಮನೆಯಲ್ಲಿ, ಹೊಣೆ: ಮಗಳು ಎಂದು ಬಿತ್ತು. ಎರಡನೇ ಮನೆಗೆ ಗಂಟುಗಳು ಬಂದವು. ಗಂಟು ಗೊತ್ತಿಲ್ಲದವರು ಟೆಂಟು ಬಿಗಿಯುವುದುಂಟೇ?

“ಒಂದನೇ ಮನೆ,” ಎಂದಳು ಸೆಕೆಂಡಕ್ಕ. ಈಗ ಅವಳ ಪೆನ್ಸಿಲು ಓಡುತ್ತಿತ್ತು. “ನಾಡಿದ್ದು ಭಾನುವಾರ. ಗಂಟಿಗೂ ಮುಂಚೆ ಏನು?”

“ಹಗ್ಗ.”

“ಹಗ್ಗ ಎಲ್ಲಿದೆ?”

“ಉಗ್ರಾಣದಲ್ಲಿ.”

“ಉಗ್ರಾಣಕ್ಕೆ?”

“ಬೀಗ.”

“ಬೀಗದ ಕೈ?”

ಅತ್ತಿಗೆಯ ಕೈ ತಮ್ಮ ಕೊರಳಿಗೆ ಹೋಯಿತು. ಇಪ್ಪತ್ತಮೂರು ಜೊತೆ ಕಣ್ಣು ನಿಧಾನಕ್ಕೆ ತಿರುಗಿ ಮುಚ್ಚಿದ ಬಾಗಿಲಿನ ಕಡೆ ಹೋದವು. ಅಲ್ಲಿಂದ ಯಂತ್ರದ ಗುಂಯ್ ಸದ್ದು ಒಂದೇ ಸಮನೆ ಬರುತ್ತಿತ್ತು.

“ವಾಚು ತೆಗೆದೆ,” ಎಂದಳು ಮಗಳು, ಸಣ್ಣ ದನಿಯಲ್ಲಿ. “ಉಂಗುರ ತೆಗೆದೆ. ಸೀಟಿ ಇರ್ಲಿ ಅಂತ...”

ಮೊದಲು ನಕ್ಕವರು ಅತ್ತಿಗೆ. ನಗು ಎಂದರೆ ಬಾಯಿ ಮುಚ್ಚಿಕೊಂಡು ನಕ್ಕ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಬೆಂಚು ಅಲುಗುವ ಹಾಗೆ. “ಅವಳಿಗೆಲ್ಲಾ ಗೊತ್ತು, ಎಲ್ಲಾ ಗೊತ್ತು ಅಂತ ವಾರ ಪೂರ್ತಿ ತಲೆ ಕೆರ್ಕೊಂಡ್ರಲ್ಲ! ಕೊಡಬೇಕಾಗಿದ್ದಿದ್ದು ಒಂದೇ ಒಂದು. ಅದನ್ನ ಕೊರಳಿಗೆ ಹಾಕ್ಕೊಂಡು ಹೋದ್ರು!” ಮಕ್ಕಳು ನಗಬಹುದೋ ಇಲ್ಲವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ನಕ್ಕರು. ಪಕ್ಕದ ಕೋಣೆಯ ಬೇರೆ ಸಾವಿನವರು ಇಣುಕಿ ನೋಡಿ ಹೋದರು. ನಗುತ್ತಾ ನಗುತ್ತಾ ಅತ್ತಿಗೆ ಬೆಳಗಿನಿಂದ ಅಳದಿದ್ದದ್ದನ್ನೆಲ್ಲ ಅತ್ತರು. ಮಗಳು ಹೋಗಿ ಪಕ್ಕದಲ್ಲಿ ಕೂತಳು.

ಸೆಕೆಂಡಕ್ಕ ಒಂದನೇ ಮನೆಯಲ್ಲಿ ಬರೆದಳು: ಬೀಗ ಒಡೆಯುವುದು. ಆಮೇಲೆ ಅರ್ಜಿ ಬಿಡಿಸಿ, ಚಾರ್ಟಿನ ಮೊದಲ ಮೂರು ಮನೆಗಳನ್ನು ಪೆನ್ನಿನಲ್ಲಿ ಅದಕ್ಕೆ ಇಳಿಸಿದಳು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎದ್ದು ಮೂಲೆಯ ಬೆಂಚಿಗೆ ಹೋಗಿ ಅರ್ಜಿ ಚಾಚಿದಳು. ಸಂಘದ ಕಚೇರಿ ಊರಿನ ಇನ್ನೊಂದು ತುದಿಯಲ್ಲಿತ್ತು. ಬಸ್ಸು ಹಿಡಿದರೆ ಐದಕ್ಕೆ ಮುಟ್ಟುವ ಮಾತೇ ಇರಲಿಲ್ಲ. ಆದರೂ ಚಾಚಿದಳು.

ರೂಲುದೊಣ್ಣೆ ಕನ್ನಡಕ ಏರಿಸಿಕೊಂಡು ಓದಿದರು. ಆ ಕನ್ನಡಕದ ಗಾಜು ಉಜ್ಜಿದವಳೂ ಅವಳೇ.

“ಬೀಗ ಒಡೆಯೋದು ಒಂದು ಚಟುವಟಿಕೆನಾ?”

“ಅದಾಗ್ದೆ ಉಳಿದ ಹನ್ನೊಂದು ತಿಂಗಳಿಲ್ಲ ಸಾರ್.”

“ಹ್ಞೂಂ. ಹೊಣೆ ಅನ್ನೋ ಕಡೆ ‘ನಾನು’ ಅಂತ ಬರೆದಿದ್ದೀರಿ. ನಾನು ಅಂದ್ರೆ ಯಾರು ಅಂತ ಕಚೇರಿಗೆ ಹೇಗೆ ಗೊತ್ತಾಗ್ಬೇಕು? ಮೂವತ್ತೊಂದು ವರ್ಷ ಅವರಿಗೂ ಇದನ್ನೇ ಹೇಳಿದೆ.”

“ಅವರು ಏನಂತಿದ್ರು ಸಾರ್?”

“ಬಂದು ನೋಡಿದ್ರೆ ಗೊತ್ತಾಗುತ್ತೆ ಅಂತಿದ್ರು.”

“ನಾಡಿದ್ದು ಭಾನುವಾರ ಬನ್ನಿ ಸಾರ್,” ಎಂದಳು ಸೆಕೆಂಡಕ್ಕ.

ರೂಲುದೊಣ್ಣೆ ಚರ್ಮದ ಚೀಲದ ಬಾಯಿ ತೆರೆದರು. ಒಳಗಿಂದ ಶಾಯಿಯ ಡಬ್ಬಿ ಬಂತು, ಅದರ ಹಿಂದೆ ಸಂಘದ ಮೊಹರು. ಬೆಳಿಗ್ಗೆ ಸಾವಿನ ಮನೆಗೆ ಹೊರಡುವಾಗಲೇ ಕಚೇರಿಯ ಮೇಜಿನಿಂದ ಎತ್ತಿಟ್ಟುಕೊಂಡು ಬಂದಿದ್ದರು. “ಐದು ಗಂಟೆ ಒಳಗೆ ಅಂತ ನಿಯಮ ಇದೆ,” ಎಂದರು, ಅವಳ ಮುಖ ನೋಡದೆ. “ಎಲ್ಲಿ ಅಂತ ಇಲ್ಲ.” ಮೊಹರು ಒತ್ತಿ, ಗಡಿಯಾರ ನೋಡಿ, ಗಂಟೆಯನ್ನೂ ನಿಮಿಷವನ್ನೂ ಬರೆದರು.

ಬಾಗಿಲು ತೆರೆಯಿತು. ನೌಕರ ಹೊರಗೆ ಬಂದ. ಕೈಯಲ್ಲಿ ತಗಡಿನ ಮುಚ್ಚಳವೊಂದಿತ್ತು.

“ಲೋಹ ಏನೂ ಇಲ್ಲ ಅಂದ್ರಲ್ಲ,” ಎಂದ, ದೂರುವವನ ಹಾಗೆ. “ಇದು ನಿಮ್ಮವರದೇ ತಾನೆ?”

ಸೀಟಿ ಕರಗಿ ಹೋಗಿತ್ತು. ಕೀ ಉಳಿದಿತ್ತು. ಹಳೆಯ ಕಾಲದ ದಪ್ಪ ಕಬ್ಬಿಣದ ಕೀ, ಕಪ್ಪಾಗಿ, ನಡುವೆ ಸ್ವಲ್ಪ ಬಾಗಿತ್ತು.

“ಹಾಗಾದ್ರೆ ಒಂದನೇ ತಿಂಗಳದ್ದು ಅಳಿಸಿ ಹಾಕ್ಬೇಕಾ?” ಎಂದಳು ಎರಡು ಜಡೆಯವಳು, ರಬ್ಬರು ಮುಂದೆ ಚಾಚಿ.

ಸೆಕೆಂಡಕ್ಕ ಕೀಯನ್ನು ನೋಡಿದಳು. “ಬಾಗಿದೆ ಕಣೆ. ಬೀಗದೊಳಗೆ ಹೋಗಲ್ಲ. ಒಡೆಯೋದೇ.”

“ಮುಟ್ಬೇಡಿ, ಇನ್ನೂ ಬಿಸಿ ಇದೆ,” ಎಂದ ನೌಕರ.

ಅಷ್ಟರಲ್ಲಿ ಅವಳು ಮುಟ್ಟಿಯಾಗಿತ್ತು. ಉಫ್ ಎಂದು ಈ ಕೈಯಿಂದ ಆ ಕೈಗೆ ಹಾರಿಸಿ, ತಡೆಯಲಾರದೆ ಪಕ್ಕದ ಹುಡುಗಿಯ ಕೈಗೆ ಹಾಕಿದಳು. ಅವಳು ಉಫ್ ಎಂದು ಪಕ್ಕದವನಿಗೆ ಹಾಕಿದಳು, ಅವನು ತನ್ನ ಪಕ್ಕದವಳಿಗೆ. ಚಾರ್ಟಿನ ಸುತ್ತ ಕೂತಿದ್ದ ಇಪ್ಪತ್ತಮೂರು ಮಕ್ಕಳ ಕೈಯಿಂದ ಕೈಗೆ ಜಿಗಿಯುತ್ತಾ, ಮಗಳ ಅಂಗೈ ದಾಟಿ, ಅತ್ತಿಗೆಯ ಸೆರಗಿನಲ್ಲಿ ಒಂದು ಗಳಿಗೆ ನಿಂತು, ಕೀ ಸುತ್ತು ಮುಗಿಸಿತು. ಸೆಕೆಂಡಕ್ಕನ ಕೈಗೆ ವಾಪಸು ಬರುವ ಹೊತ್ತಿಗೆ ಅದು ಹಿಡಿದುಕೊಳ್ಳುವಷ್ಟು ತಣ್ಣಗಾಗಿತ್ತು.